ತರುವುದು ಅದಕ್ಕೆ ಗೊತ್ತು, ಕಾಯುವುದನ್ನು ಕಲಿಸಿ

ಪ್ರಶ್ನೆ: ಯಲಹಂಕದಲ್ಲಿ ಸ್ವಂತ ಮನೆ, ಪಕ್ಕದಲ್ಲೇ ನಮ್ಮದೇ ಖಾಲಿ ಸೈಟು ಇದೆ. ಎಂಟು ವಾರದ ಕಪ್ಪು ಲ್ಯಾಬ್ರಡಾರ್ ಹೆಣ್ಣುಮರಿ ತಂದಿದ್ದೇವೆ. ಇಂಗ್ಲೆಂಡಿನಲ್ಲಿ ಬಂದೂಕಿನವರ ಜೊತೆ ಕೆಲಸ ಮಾಡುವ ಗನ್‌ಡಾಗ್‌ಗಳ ವಿಡಿಯೊ ನೋಡಿ, ಅದೇ ಶಿಸ್ತಿನಲ್ಲಿ ಬೆಳೆಸಬೇಕೆಂಬ ಆಸೆ. ಬೇಟೆಯಾಡುವ ಉದ್ದೇಶವಿಲ್ಲ. ದಿನಾ ಚೆಂಡು ಎಸೆದು ತರಿಸುತ್ತಿದ್ದೇವೆ. ಐದಾರು ಸಲ ತರುತ್ತದೆ, ಆಮೇಲೆ ಚೆಂಡು ಕಚ್ಚಿಕೊಂಡು ಸೋಫಾ ಕೆಳಗೆ ನುಗ್ಗುತ್ತದೆ. ಎಲ್ಲಿ ತಪ್ಪುತ್ತಿದೆ? ದೀಪಾವಳಿಯ ಪಟಾಕಿಯಲ್ಲೇ ಬಂದೂಕಿನ ಶಬ್ದಕ್ಕೆ ಒಗ್ಗಿಸಬಹುದೇ? ಹತ್ತಿರದ ಕೆರೆಯಲ್ಲಿ ಈಜು ಕಲಿಸಬಹುದೇ?

ಉತ್ತರ: ಬೇಟೆಯ ಉದ್ದೇಶವಿಲ್ಲ ಎಂದು ನೀವೇ ಹೇಳಿದ್ದೀರಿ. ಆದರೂ ಕಾನೂನಿನ ಒಂದು ಮಾತು ತಿಳಿದಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಕಾಡುಪ್ರಾಣಿಯನ್ನು ಅಟ್ಟಿಸುವುದು, ಅದರ ಹಿಂದೆ ನಾಯಿ ಬಿಡುವುದು, ಹಿಡಿಯುವುದು ಎಲ್ಲವೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಮೊಲ ಎದ್ದಾಗ ‘ಹಿಡಿ’ ಎಂದರೂ ತಪ್ಪೇ. ಅಲ್ಲಿ ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳಿವೆ, ಹಾಗಾಗಿ ಆ ಜಾಗವನ್ನು ತರಬೇತಿಗೆ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಇದರಿಂದ ನಿಮಗೆ ನಷ್ಟವೇನೂ ಇಲ್ಲ. ಬ್ರಿಟನ್ನಿನಲ್ಲೂ ‘ವರ್ಕಿಂಗ್ ಟೆಸ್ಟ್’ ಎಂಬ ಸ್ಪರ್ಧೆಗಳು ಒಂದು ಹಕ್ಕಿಯನ್ನೂ ಹೊಡೆಯದೆ, ಹಕ್ಕಿಯ ಬದಲಿಗೆ ಎಸೆಯುವ ಕ್ಯಾನ್ವಾಸ್ ಡಮ್ಮಿಗಳಲ್ಲೇ ನಡೆಯುತ್ತವೆ. ಆ ಮಟ್ಟಕ್ಕೆ ನಾಯಿಯನ್ನು ತಯಾರು ಮಾಡಲು ಬೇಕಾದ್ದೆಲ್ಲ ಬೆಂಗಳೂರಿನಲ್ಲೇ ಸಿಗುತ್ತದೆ.

ಇನ್ನು ಚೆಂಡಿನ ವಿಷಯ. ಇವತ್ತೇ ನಿಲ್ಲಿಸಿ.

ರಿಟ್ರೀವರ್, ಅಂದರೆ ಹೊಡೆದ ಹಕ್ಕಿಯನ್ನು ತಂದುಕೊಡುವ ಲ್ಯಾಬ್ರಡಾರಿನಂಥ ನಾಯಿ, ಮಾಡುವ ಕೆಲಸವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಬಂದೂಕಿನವನ ಕಾಲ ಪಕ್ಕದಲ್ಲಿ ತುಟಿಪಿಟಕ್ಕೆನ್ನದೆ ಕೂತಿರಬೇಕು. ಹಕ್ಕಿ ಎಲ್ಲಿ ಬಿತ್ತೆಂದು ನೋಡಿ ನೆನಪಿಟ್ಟುಕೊಳ್ಳಬೇಕು. ಹೋಗೆಂದಾಗ ಮಾತ್ರ ಹೋಗಿ, ಗರಿ ನಲುಗದಂತೆ ತಂದು ಕೈಗೆ ಕೊಡಬೇಕು. ಅರ್ಧ ದಿನದ ಕೆಲಸದಲ್ಲಿ ಓಡಾಟ ಕೆಲವೇ ನಿಮಿಷ, ಉಳಿದದ್ದೆಲ್ಲ ಕಾಯುವಿಕೆ. ಎತ್ತಿ ತರುವ ಆಸೆ ಈ ತಳಿಯ ರಕ್ತದಲ್ಲೇ ಇದೆ, ಕಲಿಸಬೇಕಾಗಿಲ್ಲ. ಕಾಯುವುದು ರಕ್ತದಲ್ಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಚೆಂಡು ಎಸೆದರೆ ಮರಿ ಕಲಿಯುವ ಪಾಠ ಒಂದೇ: ಏನಾದರೂ ಗಾಳಿಯಲ್ಲಿ ಹಾರಿದರೆ ನಾನು ಓಡಬೇಕು. ಒಂದು ವರ್ಷದ ಹೊತ್ತಿಗೆ ಅದು ಕೈ ಎತ್ತಿದರೆ ಕುಂಯ್‌ಗುಡುವ, ಚೈನು ಜಗ್ಗುವ, ಹೇಳುವ ಮೊದಲೇ ಓಡುವ ನಾಯಿಯಾಗಿರುತ್ತದೆ. ಆ ಚಟ ಬಿಡಿಸಲು ಕಲಿಸಿದ್ದಕ್ಕಿಂತ ಹೆಚ್ಚು ಕಾಲ ಬೇಕು. ಟೆನಿಸ್ ಚೆಂಡಿಗೆ ಇನ್ನೊಂದು ದೋಷವೂ ಉಂಟು: ಅದರ ಮೇಲಿನ ಬಟ್ಟೆಗೆ ಮಣ್ಣು ಕೂತರೆ ಉಜ್ಜುಕಾಗದದಂತೆ ಹಲ್ಲು ಸವೆಸುತ್ತದೆ.

ಸೋಫಾ ಕೆಳಗೆ ನುಗ್ಗುವುದಕ್ಕೆ ಕಾರಣ ಎರಡು. ಮರಿಗೆ ಐದನೇ ಸಲಕ್ಕೇ ಸಾಕಾಗಿದೆ, ನೀವು ಇನ್ನೂ ಎಸೆಯುತ್ತಿದ್ದೀರಿ. ಎರಡನೆಯದು, ತಂದ ಕೂಡಲೇ ನೀವು ಕಿತ್ತುಕೊಳ್ಳುತ್ತಿದ್ದೀರಿ. ತಂದರೆ ಕಳೆದುಕೊಳ್ಳುತ್ತೇನೆ ಎಂಬ ಲೆಕ್ಕ ಅದಕ್ಕೆ ಬೇಗ ಹತ್ತುತ್ತದೆ.

ಮರಿ ನಿಮ್ಮ ಚಪ್ಪಲಿ ಕಚ್ಚಿಕೊಂಡು ಹಜಾರಕ್ಕೆ ಬಂತು ಅಂದುಕೊಳ್ಳಿ. ‘ಏಯ್’ ಎಂದು ಅಟ್ಟಿಸಿಕೊಂಡು ಹೋದರೆ, ಬಾಯಲ್ಲಿ ವಸ್ತುವಿದ್ದಾಗ ಮನುಷ್ಯರಿಂದ ಓಡಬೇಕು ಎಂಬುದು ಖಾತ್ರಿಯಾಗುತ್ತದೆ. ಅದರ ಬದಲು ನೆಲಕ್ಕೆ ಕೂರಿ, ಮೈ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಸಣ್ಣ ದನಿಯಲ್ಲಿ ಕರೆಯಿರಿ. ಹತ್ತಿರ ಬಂದಾಗ ಚಪ್ಪಲಿಯ ಕಡೆ ಕೈ ಚಾಚಬೇಡಿ. ಎದೆ, ಕತ್ತು, ಬೆನ್ನು ಸವರಿ. ಅದು ಬಾಲ ಅಲ್ಲಾಡಿಸುತ್ತ ಹತ್ತು ಸೆಕೆಂಡು ಹಿಡಿದುಕೊಂಡೇ ನಿಲ್ಲಲಿ. ಆಮೇಲೆ ಗಲ್ಲದ ಕೆಳಗೆ ಒಂದು ಕೈ ಇಟ್ಟು, ‘ಕೊಡು’ ಎಂದು, ಇನ್ನೊಂದು ಕೈಯಲ್ಲಿ ವಸ್ತುವನ್ನು ಒಳಮುಖವಾಗಿ, ಅಂದರೆ ಬಾಯಿಯ ಕಡೆಗೇ, ಸ್ವಲ್ಪ ಉರುಳಿಸಿ ಬಿಡಿಸಿಕೊಳ್ಳಿ. ಎಳೆಯಬೇಡಿ. ಹಗ್ಗ ಜಗ್ಗಾಟ ಮನೆಯಲ್ಲಿ ಯಾರೂ ಆಡಬಾರದು, ಮಕ್ಕಳಂತೂ ಬೇಡವೇ ಬೇಡ. ಎಳೆದಷ್ಟೂ ನಾಯಿ ಬಿಗಿಯಾಗಿ ಕಚ್ಚುವುದನ್ನು ಕಲಿಯುತ್ತದೆ, ಮೃದುವಾಗಿ ಹಿಡಿಯುವ ಬಾಯಿ ಕೆಡುವುದು ಹೀಗೆಯೇ. ಒಳ್ಳೆಯ ಚಪ್ಪಲಿ ಮೇಲಿಡುವುದು ನಿಮ್ಮ ಜವಾಬ್ದಾರಿ.

ಈಗಿನಿಂದ ನಾಲ್ಕು ತಿಂಗಳವರೆಗೆ ಕೆಲಸ ಮೂರೇ: ಕರೆದರೆ ಬರುವುದು, ತಟ್ಟೆಗೆ ಕಾಯುವುದು, ಊರಿಗೆ ಒಗ್ಗುವುದು. ನಿಗದಿತ ಸ್ವರದ ಪ್ಲಾಸ್ಟಿಕ್ ವಿಶಲ್ ಒಂದು ತರಿಸಿ. ಆಕ್ಮಿ ಕಂಪನಿಯ 210.5 ಅಥವಾ 211.5 ನಂಬರಿನದು ಗನ್‌ಡಾಗ್ ಮಂದಿಯಲ್ಲಿ ರೂಢಿ. ಕಳೆದರೂ ಅದೇ ನಂಬರು ತಂದರೆ ಅದೇ ಸ್ವರ ಬರುತ್ತದೆ, ಅದೇ ಅದರ ಉಪಯೋಗ. ಎಂಟು ವಾರದ ಮರಿಗೆ ದಿನಕ್ಕೆ ನಾಲ್ಕು ಊಟ. ಪ್ರತಿ ಊಟಕ್ಕೂ ಮನೆಯವರೊಬ್ಬರು ಅದನ್ನು ಇನ್ನೊಂದು ಕೋಣೆಯಲ್ಲಿ ಹಿಡಿದಿರಲಿ, ನೀವು ತಟ್ಟೆ ಹಿಡಿದು ‘ಪಿಪ್-ಪಿಪ್-ಪಿಪ್’ ಎಂದು ಊದಿದಾಗ ಬಿಡಲಿ. ದಿನಕ್ಕೆ ನಾಲ್ಕು ಸಲ ಸುಳ್ಳಾಗದ ಪಾಠ ಅದು. ಬರುವುದಿಲ್ಲವೆಂದು ಗೊತ್ತಿದ್ದಾಗ, ಅಂದರೆ ಬೇರೆ ನಾಯಿಯ ಜೊತೆ ಆಟದಲ್ಲಿರುವಾಗ, ಊದಲೇಬೇಡಿ; ನಡೆದು ಹೋಗಿ ಎತ್ತಿಕೊಂಡು ಬನ್ನಿ. ಊದಿ ಊದಿ ಬಾರದಿದ್ದರೆ ವಿಶಲ್ ಆ ನಾಯಿಗೆ ಹಕ್ಕಿಯ ಕೂಗಿನಷ್ಟೇ ಸಂಬಂಧವಿಲ್ಲದ ಶಬ್ದವಾಗುತ್ತದೆ.

ತಟ್ಟೆ ಇಡುವಾಗ ‘ಕೂತ್ಕೋ’. ಕೂತ ಮೇಲೆ ಒಂದು ಉದ್ದನೆಯ ಊದು, ತಟ್ಟೆ ನೆಲಕ್ಕೆ. ಎದ್ದರೆ ತಟ್ಟೆ ಮೇಲಕ್ಕೆ. ಮೊದಲು ಎರಡು ಸೆಕೆಂಡು, ತಿಂಗಳಲ್ಲಿ ಹದಿನೈದು-ಇಪ್ಪತ್ತು. ಮುಂದೆ ಎಂಬತ್ತು ಹೆಜ್ಜೆ ದೂರದಲ್ಲಿ ನಾಯಿಯನ್ನು ನಿಲ್ಲಿಸುವ ‘ಸ್ಟಾಪ್ ವಿಶಲ್’ ಹುಟ್ಟುವುದು ಈ ತಟ್ಟೆಯ ಮುಂದೆಯೇ. ಶಬ್ದಗಳ ಪಟ್ಟಿಯೊಂದನ್ನು ಫ್ರಿಜ್ಜಿಗೆ ಅಂಟಿಸಿ. ಅಪ್ಪ ‘ಸಿಟ್’, ಅಮ್ಮ ‘ಕೂತ್ಕೋ’, ಕೆಲಸದವರು ‘ಬೈಠೋ’ ಅನ್ನುವ ಮನೆಗಳಲ್ಲಿ ನಾಯಿ ಮೂರನ್ನೂ ಕೇಳಿಸಿಕೊಳ್ಳುವುದಿಲ್ಲ.

ಊರಿಗೆ ಒಗ್ಗಿಸುವುದರಲ್ಲಿ ಒಂದು ಇಕ್ಕಟ್ಟಿದೆ. ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಹದಿನಾಲ್ಕು ವಾರದ ಸುಮಾರಿಗೆ ಮುಗಿಯುತ್ತದೆ. ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆಯ ಸರಣಿ, ಮೂರು-ನಾಲ್ಕು ವಾರಕ್ಕೊಂದು ಬೂಸ್ಟರ್ ಸೇರಿ, ಮುಗಿಯುವುದು ಹದಿನಾರು ವಾರಕ್ಕೆ. ನಮ್ಮ ಬೀದಿಗಳಲ್ಲಿ ಪಾರ್ವೊ ಧಾರಾಳ, ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮರಿಯನ್ನು ಎತ್ತಿಕೊಂಡೇ ಸುತ್ತಿಸಿ: ಬಸ್ ನಿಲ್ದಾಣದ ಅಂಚು, ತರಕಾರಿ ಗಾಡಿ, ಕಟ್ಟಡ ಕೆಲಸದ ಸದ್ದು, ಹೆಲ್ಮೆಟ್ ಹಾಕಿದವರು, ಆಟೋ. ನೆಲಕ್ಕೆ ಬಿಡುವುದು ನಿಮ್ಮ ಕಾಂಪೌಂಡಿನೊಳಗೆ ಮಾತ್ರ. ರೇಬಿಸ್ ಲಸಿಕೆ ಹನ್ನೆರಡು ವಾರಕ್ಕೆ, ಆಮೇಲೆ ವೈದ್ಯರು ಹೇಳಿದಂತೆ.

ತರಿಸುವ ಆಟ ಪೂರ್ತಿ ಬಿಡಬೇಕಿಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡೇ ಎಸೆತ. ಹಳೆಯ ಕಾಲುಚೀಲವನ್ನು ಸುತ್ತಿ ಗಂಟು ಹಾಕಿ. ಎರಡೂ ಕಡೆ ಗೋಡೆಯಿರುವ ಪ್ಯಾಸೇಜಿನಲ್ಲಿ, ಕೋಣೆಗಳ ಬಾಗಿಲು ಮುಚ್ಚಿ, ನಾಲ್ಕೈದು ಹೆಜ್ಜೆ ದೂರ ಎಸೆಯಿರಿ. ಎತ್ತಿಕೊಂಡ ಮರಿಗೆ ಹೋಗಲು ದಾರಿ ನಿಮ್ಮ ಕಡೆಗೊಂದೇ. ಅದು ತಿರುಗಿದ ಕೂಡಲೇ ನೀವು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೂರಿ. ದೂರ ಹೋಗುವವರ ಹಿಂದೆ ಬರುವುದು ಮರಿಯ ಸ್ವಭಾವ. ಎರಡನೇ ಸಲ ತಂದಾಗ ಇನ್ನೂ ಬೇಕೆನ್ನುವ ಕಣ್ಣಿರುತ್ತದಲ್ಲ, ಅಲ್ಲಿಗೆ ನಿಲ್ಲಿಸಿ. ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಬೀಳುವಾಗ ಇದೂ ಬೇಡ. ಒಸಡು ನೋಯುವಾಗ ಎತ್ತಿದರೆ ಒಂದೋ ಉಗುಳುತ್ತದೆ, ಇಲ್ಲ ಅಗಿಯುತ್ತದೆ, ಎರಡೂ ಚಟವಾಗುತ್ತವೆ.

ಮೈಯ ವಿಷಯ ಚುಟುಕಾಗಿ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಸಿದ್ಧ ಆಹಾರ ಕೊಡುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ. ಅಂಗಡಿಯವರು ಕೈಗೆ ಕೊಡುತ್ತಾರೆ, ನೆರೆಯವರು ಹೇಳುತ್ತಾರೆ, ಆದರೆ ಈ ಗಾತ್ರದ ತಳಿಗಳಲ್ಲಿ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿರಲಿ. ಲ್ಯಾಬ್ರಡಾರ್ ಯಾವಾಗಲೂ ಹಸಿದಂತೆ ನಟಿಸುತ್ತದೆ ಅನ್ನುತ್ತೇವೆ. ಹಲವಕ್ಕೆ ಅದು ನಟನೆಯಲ್ಲ. ಈ ತಳಿಯ ಸುಮಾರು ಕಾಲುಭಾಗ ನಾಯಿಗಳಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಪಿಓಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲವೆಂದು ಕೇಂಬ್ರಿಡ್ಜ್ ಸಂಶೋಧಕರು 2016ರಲ್ಲಿ ತೋರಿಸಿದರು. ಒಂದು ವರ್ಷದವರೆಗೆ ಮೆಟ್ಟಿಲು ಹತ್ತಿಳಿಯುವ ಓಟ, ಕಾರಿನಿಂದ ಜಿಗಿತ, ಬೈಕಿನ ಜೊತೆ ಓಡಿಸುವುದು ಬೇಡ. ತಂದೆತಾಯಿಯ ಸೊಂಟದ ಎಕ್ಸ್‌ರೇ ವರದಿ ಇದ್ದರೆ ಕೇಳಿ ಪಡೆಯಿರಿ. ಜೊತೆಗೆ ಇಐಸಿ ಎಂಬ ಆನುವಂಶಿಕ ದೋಷದ ಡಿಎನ್‌ಎ ಪರೀಕ್ಷೆ ಮಾಡಿಸಿ. ಈ ದೋಷವಿರುವ ನಾಯಿ ನೋಡಲು ಗಟ್ಟಿಮುಟ್ಟಾಗಿರುತ್ತದೆ. ಐದರಿಂದ ಹದಿನೈದು ನಿಮಿಷ ಹುರುಪಿನಿಂದ ಓಡಿದ ಮೇಲೆ ಹಿಂಗಾಲು ಸೋತು ಕುಸಿಯುತ್ತದೆ, ಕೆಲವು ಸಾಯುವುದೂ ಉಂಟು. ಉದ್ವೇಗ ಹೆಚ್ಚಿರುವ ತರಿಸುವ ಕೆಲಸದಲ್ಲೇ ಇದು ಹೊರಬೀಳುವುದು.

ಆರು ತಿಂಗಳ ನಂತರ ನಿಜವಾದ ಪಾಠ. ಅರ್ಧ ಪೌಂಡಿನ, ಅಂದರೆ ಸುಮಾರು 225 ಗ್ರಾಂ ತೂಕದ ಪಪ್ಪಿ ಡಮ್ಮಿ ಮೂರು, ಹತ್ತು ಮೀಟರ್ ಉದ್ದದ ಹಗುರ ಹಗ್ಗ ಒಂದು ಸಾಕು. ಒಂದು ಪೌಂಡಿನ ಪೂರ್ಣ ಡಮ್ಮಿ ವರ್ಷ ತುಂಬುವ ಹೊತ್ತಿಗೆ. ಮೊದಲು ಡಮ್ಮಿಯಿಲ್ಲದೆ ಹೀಲ್ (ನಿಮ್ಮ ಕಾಲ ಪಕ್ಕದಲ್ಲೇ ನಡೆಯುವುದು), ಕೂರುವುದು, ನೀವು ದೂರ ಹೋದರೂ ಕೂತೇ ಇರುವುದು ಗಟ್ಟಿಯಾಗಲಿ. ಆಮೇಲೆ ನಾಯಿಯನ್ನು ಪಕ್ಕದಲ್ಲಿ ಕೂರಿಸಿ, ಚೈನಿನ ಮೇಲೆ ಕಾಲಿಟ್ಟು, ಡಮ್ಮಿ ಎಸೆಯಿರಿ. ಎಸೆದು ನೀವೇ ಹೋಗಿ ಎತ್ತಿಕೊಂಡು ಬನ್ನಿ, ನಾಯಿ ನೋಡುತ್ತಿರಲಿ. ಹತ್ತು ಎಸೆತಕ್ಕೆ ಏಳು ನಿಮ್ಮದು, ಮೂರು ಅದರದು, ಯಾವುದು ಅದರದ್ದೆಂದು ಅದಕ್ಕೆ ಗೊತ್ತಾಗಬಾರದು. ಮನೆಯವರು ನೋಡಿದರೆ ನಗುತ್ತಾರೆ, ನಾಯಿ ಕೂತಿದೆ ಯಜಮಾನ ಓಡುತ್ತಿದ್ದಾನೆ ಎಂದು. ನಗಲಿ. ಕಳಿಸುವಾಗ ಒಂದೆರಡು ಉಸಿರಿನಷ್ಟು ಹೊತ್ತು ಕಾದು, ಹೆಸರು ಕರೆದು ಕಳಿಸಿ. ಹೆಸರು ಕರೆಯುವ ಮೊದಲೇ ಎದ್ದರೆ ಬೈಯುವುದು ಬೇಡ. ಡಮ್ಮಿ ನೀವೇ ತಂದು, ನಾಯಿಯನ್ನು ಅದೇ ಜಾಗದಲ್ಲಿ ಕೂರಿಸಿ, ಮುಂದಿನ ಎಸೆತವನ್ನು ಅರ್ಧ ದೂರಕ್ಕೆ ಇಳಿಸಿ.

ಇದು ಗಟ್ಟಿಯಾದ ಮೇಲೆ ನೆನಪಿನ ಪಾಠ. ಕಾಂಪೌಂಡ್ ಗೋಡೆಯ ಪಕ್ಕ ಹೀಲ್ ನಡೆಸುತ್ತ ನಾಯಿ ನೋಡುವಂತೆ ಡಮ್ಮಿ ಬೀಳಿಸಿ, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತು ಕಳಿಸಿ. ಗೋಡೆ ಪಕ್ಕದಲ್ಲಿದ್ದರೆ ನಾಯಿ ನೇರಗೆರೆಯಲ್ಲೇ ಹೋಗುತ್ತದೆ. ಇಪ್ಪತ್ತು ನಲವತ್ತಾಗಲಿ, ನಲವತ್ತು ಎಂಬತ್ತಾಗಲಿ. ಎಡ-ಬಲ ಕಲಿಸುವಾಗ ನಾಯಿಯ ಬೆನ್ನು ಗೋಡೆಗೆ, ಮುಖ ನಿಮಗೆ. ಒಂದು ಪಕ್ಕಕ್ಕೆ ಡಮ್ಮಿ ಎಸೆದು, ಕಾದು, ಆ ಪಕ್ಕದ ಕೈಯನ್ನು ಭುಜದ ಮಟ್ಟಕ್ಕೆ ಚಾಚಿ ಕಳಿಸಿ. ಎರಡೂ ಪಕ್ಕ ಬೇರೆಬೇರೆಯಾಗಿ ಗಟ್ಟಿಯಾದ ಮೇಲೆ ಎರಡಕ್ಕೂ ಎಸೆದು, ಮೊದಲು ಬಿದ್ದದ್ದಕ್ಕೆ ಕಳಿಸಿ. ಕೊನೆಗೆ ಬಿದ್ದದ್ದಕ್ಕೆ ಓಡುವುದು ಎಲ್ಲ ನಾಯಿಗಳ ಗುಣ, ಹಾಗಾಗಿ ಅದು ತಪ್ಪಿದರೆ ಒಂದು ಹಂತ ಹಿಂದೆ ಹೋಗಿ. ಕಾಣದೆ ಇಟ್ಟ ಡಮ್ಮಿಗೆ ಕಳಿಸುವುದು ಇವೆಲ್ಲ ಆದಮೇಲೆ. ಮೊದಮೊದಲು ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಮೂಗಿಗೆ ಬರುವಂತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದ ಕಡೆಯಿಂದ, ಹಾಗಾಗಿ ಪಶ್ಚಿಮಕ್ಕೆ ಡಮ್ಮಿ ಇಡಿ.

ಜಾಗ ಎಲ್ಲಿ? ಲಾಲ್‌ಬಾಗಿಗೆ ನಾಯಿ ಬಿಡುವುದಿಲ್ಲ. ಕಬ್ಬನ್ ಪಾರ್ಕಿನಲ್ಲಿ ಚೈನು ಬಿಚ್ಚುವಂತಿಲ್ಲ, ಹೀಲ್ ಅಭ್ಯಾಸಕ್ಕೆ ಮಾತ್ರ ಆದೀತು. ಜನ ಬಾರದ ಹೊಸ ಲೇಔಟಿನ ಸೈಟುಗಳು ಒಳ್ಳೆಯವೆಂದು ಕಾಣುತ್ತವೆ, ಆದರೆ ಒಡೆದ ಬಾಟಲಿ, ಪಾರ್ಥೇನಿಯಂ, ಬೀದಿನಾಯಿಗಳ ಗಡಿ ಜಗಳ ಎಲ್ಲ ಅಲ್ಲೇ. ಒಮ್ಮೆ ನೀವೇ ನಡೆದು ನೋಡದೆ ನಾಯಿ ಬಿಡಬೇಡಿ. ನಿಮಗೆ ಅನುಕೂಲವಾದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಕೊಯ್ಲಾದ ರಾಗಿ ಹೊಲ. ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲು ಮುಗಿದ ಮೇಲೆ ಹೊಲದವರನ್ನು ಕೇಳಿ ಹೋಗಿ, ಕೂಳೆ ಚುಚ್ಚುವಷ್ಟು ಎತ್ತರವಿದೆಯೇ ನೋಡಿಕೊಳ್ಳಿ. ತೆರೆದ ನೆಲದಲ್ಲಿ ಡಮ್ಮಿ ಕಾಣುತ್ತದೆ, ಬದುವಿನ ಹುಲ್ಲಿನಲ್ಲಿ ಮೂಗಿನಿಂದ ಹುಡುಕಬೇಕಾಗುತ್ತದೆ. ಎರಡೂ ಪಾಠ ಒಂದೇ ಕಡೆ.

ಶಬ್ದದ ಪ್ರಶ್ನೆಗೆ ಬರೋಣ. ದೀಪಾವಳಿಯನ್ನು ತರಬೇತಿಯೆಂದು ಬಳಸಬೇಡಿ. ಪಟಾಕಿ ಎಲ್ಲಿಂದ, ಯಾವಾಗ, ಎಷ್ಟು ಜೋರಾಗಿ ಬರುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ. ಬಂದೂಕಿನ ಸದ್ದು ನಾಯಿಗೆ ಹೇಳಬೇಕಾದ್ದು ‘ಕೂತು ನೋಡು, ಏನೋ ಬೀಳುತ್ತದೆ’ ಎಂದು. ಪಟಾಕಿ ಹೇಳುವುದು ‘ಆಕಾಶ ಕೆಡವುತ್ತಿದ್ದಾರೆ’ ಎಂದು. ಆ ಎರಡು-ಮೂರು ದಿನ ಕಿಟಕಿ ಮುಚ್ಚಿ, ಟಿವಿ ಹಾಕಿ, ಸಂಜೆಯ ಊಟ ಬೆಳಕಿರುವಾಗಲೇ ಮುಗಿಸಿ ಒಳಗಿಟ್ಟುಕೊಳ್ಳಿ. ಒಗ್ಗಿಸುವುದು ಬೇರೆ ದಿನ, ಐದಾರು ತಿಂಗಳ ನಂತರ, ಬಯಲಿನಲ್ಲಿ. ಇನ್ನೊಬ್ಬರು ಅರವತ್ತು-ಎಪ್ಪತ್ತು ಮೀಟರ್ ದೂರದಲ್ಲಿ ಎರಡು ಹಲಗೆ ಬಡಿಯಲಿ, ಅದೇ ಕ್ಷಣ ನಿಮ್ಮ ಪಕ್ಕದಲ್ಲಿ ಡಮ್ಮಿ ಬೀಳಲಿ. ಮೂರು ಬಡಿತ, ಸಾಕು. ಕಿವಿ ಎತ್ತಿ ಅತ್ತ ನೋಡಿದರೆ ಸರಿಯಾಗಿದೆ. ಕಿವಿ ಹಿಂದಕ್ಕೆ ಹೋಗಿ, ಬಾಲ ಕಾಲ ಸಂದಿಗೆ ಸೇರಿ, ಕೊಟ್ಟ ತಿಂಡಿ ತಿನ್ನದಿದ್ದರೆ ಮುಂದಿನ ಸಲ ದೂರ ಇಮ್ಮಡಿ. ಸಲೀಸಾದರೆ ಎರಡು-ಮೂರು ಪಾಠಕ್ಕೊಮ್ಮೆ ಹತ್ತು ಮೀಟರ್ ಹತ್ತಿರ. ಆಮೇಲೆ ಮಕ್ಕಳ ಕೇಪಿನ ಪಿಸ್ತೂಲು, ಮತ್ತೆ ದೂರದಿಂದಲೇ ಶುರು. ಅದರ ಸದ್ದು ಚಿಕ್ಕದಾದರೂ ಚುರುಕು, ಕಿವಿಯ ಹತ್ತಿರ ಹೊಡೆಯಬಾರದು. ಹೆದರಿದ ನಾಯಿಯನ್ನು ‘ಅಭ್ಯಾಸವಾಗಲಿ’ ಎಂದು ಸದ್ದಿನ ಹತ್ತಿರ ಎಳೆದುಕೊಂಡು ಹೋದರೆ ಆ ಭಯ ಸಾಯುವವರೆಗೂ ಹೋಗದಿರಬಹುದು.

ಕೆರೆ ಬೇಡ. ನಗರದ ಹೆಚ್ಚಿನ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ, ಬೇಸಿಗೆಯಲ್ಲಿ ಹಸಿರು ಪಾಚಿಯ ಕೆನೆ ಕಟ್ಟುತ್ತದೆ. ಅದರಲ್ಲಿ ಕೆಲವು ಬಗೆ ನಾಯಿಯ ಯಕೃತ್ತಿಗೆ ವಿಷ. ಮಳೆಗಾಲದಲ್ಲಿ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ರೋಗ ಹರಡುತ್ತದೆ, ಅದು ಮನುಷ್ಯರಿಗೂ ಅಂಟುತ್ತದೆ. ಲಸಿಕೆಯಲ್ಲಿ ಅದೂ ಸೇರಿದೆಯೇ ವೈದ್ಯರನ್ನು ಕೇಳಿ, ವರ್ಷಕ್ಕೊಮ್ಮೆ ಬೂಸ್ಟರ್ ತಪ್ಪಿಸಬೇಡಿ. ತೋಟದ ಕೃಷಿ ಹೊಂಡ ಇನ್ನೂ ಅಪಾಯ. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರಿನಲ್ಲಿ ಉಗುರು ಹಿಡಿಯುವುದಿಲ್ಲ. ಒಳಗೆ ಬಿದ್ದ ನಾಯಿ ಎಷ್ಟು ಚೆನ್ನಾಗಿ ಈಜಿದರೂ ಹತ್ತಲಾರದೆ ಸುಸ್ತಾಗಿ ಮುಳುಗುತ್ತದೆ, ರಕ್ಷಿಸಲು ಇಳಿದವರೂ ಹಾಗೆಯೇ. ಮಣ್ಣಿನ ದಡ ಮೆಲ್ಲಗೆ ಇಳಿಯುವ ಶುದ್ಧ ಹೊಂಡ ಅಥವಾ ನಗರದಲ್ಲಿರುವ ನಾಯಿಗಳ ಈಜುಕೊಳ ಹುಡುಕಿ. ಬೆಚ್ಚಗಿನ ದಿನ, ನೀವೇ ಮೊಣಕಾಲುದ್ದ ಇಳಿದು ನಿಲ್ಲಿ, ಮರಿ ತಾನಾಗಿ ಹಿಂದೆ ಬರಲಿ. ಎತ್ತಿ ಎಸೆಯಬೇಡಿ. ಕತ್ತಿನ ಬೆಲ್ಟು ಬಿಚ್ಚಿರಲಿ.

ನೀರಿನಿಂದ ಡಮ್ಮಿ ತರುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ದಡಕ್ಕೆ ಕಾಲಿಟ್ಟ ಕೂಡಲೇ ನಾಯಿ ಮೈ ಕೊಡವುತ್ತದೆ, ಕೊಡವಲು ಡಮ್ಮಿ ಕೆಳಗಿಡುತ್ತದೆ, ಇಟ್ಟದ್ದನ್ನು ಮತ್ತೆ ಎತ್ತುವುದಿಲ್ಲ. ಅದಕ್ಕೆ ಮೊದಲ ತಿಂಗಳು ನೀವು ನೀರಿನ ಅಂಚಿನಲ್ಲೇ ನಿಂತು, ನಾಯಿಯ ಹೊಟ್ಟೆ ಇನ್ನೂ ನೀರಿನಲ್ಲಿರುವಾಗಲೇ ಡಮ್ಮಿ ತೆಗೆದುಕೊಳ್ಳಿ. ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ನಿಲ್ಲುತ್ತ ಬನ್ನಿ. ಕೊಟ್ಟ ಮೇಲೆ ಕೊಡವಬೇಕು ಎಂಬುದು ಹೀಗೆ ಬರುತ್ತದೆ.

ಕಪ್ಪು ನಾಯಿ ಬಿಸಿಲನ್ನು ಬೇಗ ಹೀರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಏಳೂವರೆಯೊಳಗೆ ಪಾಠ ಮುಗಿಯಲಿ. ನಾಯಿಯ ಸಹಜ ಉಷ್ಣ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 40.5 ದಾಟಿ, ನಾಲಿಗೆ ಅಗಲವಾಗಿ ಕಡುಕೆಂಪಾಗಿ, ನಡಿಗೆ ತೂರಾಡಿದರೆ ಮೊದಲು ಮೈಮೇಲೆಲ್ಲ ನಲ್ಲಿ ನೀರು ಸುರಿದು ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ. ಹುಲ್ಲಿನಿಂದ ಬಂದ ದಿನ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಉಣ್ಣಿ ಮತ್ತು ಈಟಿಯಂಥ ಹುಲ್ಲಿನ ಬೀಜ ಹುಡುಕಿ. ಉಣ್ಣಿಯಿಂದ ಬರುವ ಜ್ವರದಲ್ಲಿ ಮೊದಲು ಕಾಣುವುದು ಊಟ ಬಿಡುವುದು, ಒಸಡು ಬಿಳಿಚುವುದು. ಲ್ಯಾಬ್ರಡಾರ್ ಊಟ ಬಿಟ್ಟಿತೆಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮದು ಹೆಣ್ಣುಮರಿ. ಆರರಿಂದ ಹನ್ನೆರಡು ತಿಂಗಳ ನಡುವೆ ಮೊದಲ ಸಲ ಬೆದೆಗೆ ಬರಬಹುದು. ಸುಮಾರು ಮೂರು ವಾರ ಬೀದಿಯ ಗಂಡುನಾಯಿಗಳು ಗೇಟಿನ ಮುಂದೆ ಠಾಣೆ ಹೂಡುತ್ತವೆ. ಆ ವಾರಗಳಲ್ಲಿ ಹೊರಗಿನ ಪಾಠ ನಿಲ್ಲಿಸಿ, ಪ್ಯಾಸೇಜಿನಲ್ಲಿ ಕೂರುವುದು, ಹಿಡಿದು ಕೊಡುವುದು ಇಷ್ಟೇ ಮಾಡಿ. ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಯನ್ನು ಮೂಳೆ ಬೆಳೆದು ಮುಗಿಯುವವರೆಗೆ, ಅಂದರೆ ವರ್ಷ ತುಂಬುವವರೆಗೆ, ಮುಂದೂಡುವುದು ಈ ತಳಿಯ ಕೀಲುಗಳಿಗೆ ಒಳ್ಳೆಯದು. ಮಾಡಿಸದೆ ಬಿಟ್ಟರೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಏರುತ್ತದೆ. ದಿನಾಂಕವನ್ನು ನಿಮ್ಮ ವೈದ್ಯರ ಜೊತೆ ಕೂತು ಗೊತ್ತುಮಾಡಿಕೊಳ್ಳಿ, ಶಸ್ತ್ರಚಿಕಿತ್ಸೆಯ ನಂತರ ಅವರು ಸರಿ ಅನ್ನುವವರೆಗೆ ಡಮ್ಮಿ ಕಪಾಟಿನಲ್ಲೇ ಇರಲಿ.